ಮನೆಯ ವಿಡಿಯೊಗಳಿಗೆ ಲಿನಕ್ಸ್‌ನಲ್ಲಿ ಎಡಿಟರ್ ಆರಿಸಿದ ಬಗೆ

ಮನೆಯ ವಿಡಿಯೊಗಳನ್ನು ಕತ್ತರಿಸಿ ಜೋಡಿಸಲು ಲಿನಕ್ಸ್‌ನಲ್ಲಿ ಯಾವ ಎಡಿಟರ್ ತಕ್ಕದ್ದು? ಎಡಿಟರ್‌ಗಳ ಪಟ್ಟಿ ಹಿಡಿದು ಕೂತರೆ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಕೆಡೆನ್‌ಲೈವ್, ಶಾಟ್‌ಕಟ್, ಓಪನ್‌ಶಾಟ್, ಫ್ಲೋಬ್ಲೇಡ್, ಪಿಟಿವಿ, ಡಾವಿಂಚಿ ರಿಸಾಲ್ವ್, ಬ್ಲೆಂಡರ್ ಒಳಗಿನ ಸೀಕ್ವೆನ್ಸರ್ ಹೀಗೆ ಯಾವುದರ ಪುಟ ತೆರೆದರೂ ಅದು ಮಾಡದ ಕೆಲಸವೇ ಇಲ್ಲ ಅನ್ನಿಸುತ್ತದೆ. ಹಾಗಾಗಿ ನಾನು ಇನ್ನೊಂದು ತುದಿಯಿಂದ ಶುರು ಮಾಡಿದೆ. ಮೊದಲು ಕೈಯಲ್ಲಿರುವ ಫೈಲುಗಳು ಎಂಥವು ಅಂತ ನೋಡುವುದು, ಅವುಗಳಲ್ಲಿ ಅತಿ ಹೆಚ್ಚು ತೊಂದರೆ ಕೊಡುವ ತುಣುಕುಗಳನ್ನು ತೆಗೆದಿಡುವುದು, ಆಮೇಲೆ ಅದೇ ತುಣುಕುಗಳನ್ನು ಒಂದೊಂದು ಎಡಿಟರ್‌ಗೂ ಕೊಟ್ಟು ನೋಡುವುದು. ಎರಡು ದಿನದಲ್ಲಿ ಉತ್ತರ ಸಿಕ್ಕಿತು.

ಫೈಲಿನ ವಿವರ ನೋಡಲು ಮೀಡಿಯಾಇನ್ಫೊ ಎಂಬ ಪುಟ್ಟ ತಂತ್ರಾಂಶ ಸಾಕು. ಟರ್ಮಿನಲ್ ಅಭ್ಯಾಸ ಇದ್ದವರಿಗೆ, ವಿಡಿಯೊ ಬದಲಿಸುವ ಸಾಧನವಾದ ಎಫ್‌ಎಫ್‌ಎಂಪೆಗ್ ಜೊತೆಗೇ ಬರುವ ಎಫ್‌ಎಫ್‌ಪ್ರೋಬ್ ಇದೆ. ಪ್ರತಿ ಫೈಲಿನಲ್ಲೂ ಐದು ಸಂಗತಿ ಬರೆದುಕೊಳ್ಳಬೇಕು: ಯಾವ ಕೊಡೆಕ್ (ಚಿತ್ರವನ್ನು ಕುಗ್ಗಿಸಿಡುವ ವಿಧಾನ), ಸೆಕೆಂಡಿಗೆ ಎಷ್ಟು ಫ್ರೇಮು, ಫ್ರೇಮ್ ದರ ಸ್ಥಿರವೋ ಬದಲಾಗುತ್ತದೋ, ಇಂಟರ್‌ಲೇಸ್ಡ್ (ಒಂದು ಫ್ರೇಮಿನ ಬೆಸ ಸಾಲು, ಸಮ ಸಾಲುಗಳನ್ನು ಫೀಲ್ಡ್ ಎಂಬ ಎರಡು ಅರ್ಧಗಳಾಗಿ ಬೇರೆ ಬೇರೆ ಕ್ಷಣದಲ್ಲಿ ಹಿಡಿದದ್ದು) ಹೌದೋ ಅಲ್ಲವೋ, ದನಿ ಯಾವ ಬಗೆಯದು. ಮನೆಯ ವಿಡಿಯೊಗಳು ಹೆಚ್ಚಾಗಿ ಮೂರು ರಾಶಿಯಲ್ಲಿ ಬೀಳುತ್ತವೆ.

ಮೊದಲನೆಯದು ಹಳೆಯ ಡಿಜಿಟಲ್ ಕ್ಯಾಮ್‌ಕಾರ್ಡರ್‌ಗಳ ಡಿವಿ ಟೇಪಿನಿಂದ ಇಳಿಸಿದ್ದು. 720×576 ಅಥವಾ 720×480 ಗಾತ್ರ, ಸೆಕೆಂಡಿಗೆ 25 ಮೆಗಾಬಿಟ್ ಚಿತ್ರ, ಒಂದು ಗಂಟೆಗೆ ಸುಮಾರು 13 ಜಿಬಿ. ಪ್ರತಿ ಫ್ರೇಮೂ ತನ್ನಷ್ಟಕ್ಕೆ ಪೂರ್ಣವಾಗಿರುವುದರಿಂದ ಹಳೆಯ ಕಂಪ್ಯೂಟರಿನಲ್ಲೂ ಸರಾಗವಾಗಿ ಓಡುತ್ತದೆ. ಆದರೆ ಅದು ಇಂಟರ್‌ಲೇಸ್ಡ್, ಕೆಳಗಿನ ಫೀಲ್ಡ್ ಮೊದಲು ಬರುವ ಬಗೆಯದು, ಮೇಲಾಗಿ ಅದರ ಪಿಕ್ಸೆಲ್‌ಗಳು ಚೌಕವಲ್ಲ. ಟೇಪು ಇನ್ನೂ ಇಳಿಸಿಲ್ಲದಿದ್ದರೆ ಡಿವಿಗ್ರ್ಯಾಬ್ ಎಂಬ ಪುಟ್ಟ ಸಾಧನವಿದೆ. ಫೈರ್‌ವೈರ್ ಕೇಬಲ್ಲು, ಕಾರ್ಡು ಬೇಕು, ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಹಿಡಿಯುತ್ತದೆ. ಲಿನಕ್ಸ್ ಕರ್ನೆಲ್‌ನ ಫೈರ್‌ವೈರ್ ಭಾಗವನ್ನು 2029ರವರೆಗೆ ನಿರ್ವಹಿಸುವ ಯೋಜನೆಯನ್ನು 2023ರಲ್ಲಿ ಪ್ರಕಟಿಸಲಾಯಿತು. ಟೇಪುಗಳಿದ್ದವರು ಇದನ್ನು ಮುಂದೂಡಬೇಡಿ.

ಎರಡನೆಯದು ಎವಿಸಿಎಚ್‌ಡಿ ಕ್ಯಾಮ್‌ಕಾರ್ಡರ್‌ಗಳ ಎಂಟಿಎಸ್ ಫೈಲುಗಳು. ಎಚ್.264 ಚಿತ್ರ, ಎಸಿ-3 ದನಿ, ಬಹುಪಾಲು 1080 ಸಾಲಿನ ಇಂಟರ್‌ಲೇಸ್ಡ್, ಇಲ್ಲಿ ಮೇಲಿನ ಫೀಲ್ಡ್ ಮೊದಲು. ಉದ್ದನೆಯ ಚಿತ್ರೀಕರಣವನ್ನು ಕ್ಯಾಮೆರಾ 2 ಅಥವಾ 4 ಜಿಬಿಗೆ ಒಂದರಂತೆ ತುಂಡು ಮಾಡಿರುತ್ತದೆ. ಈ ತುಂಡುಗಳನ್ನು ಹಾಗೇ ಎಡಿಟರ್‌ನ ಟೈಮ್‌ಲೈನಿನಲ್ಲಿ (ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಒಂದರ ಪಕ್ಕ ಒಂದು ಇಟ್ಟರೆ ಸೇರುವ ಜಾಗದಲ್ಲಿ ದನಿ ಚಿಟ್ ಎನ್ನುತ್ತದೆ. ಕಾರಣ ಸರಳ. ಎಸಿ-3 ದನಿಯ ಒಂದು ಪೊಟ್ಟಣ 32 ಮಿಲಿಸೆಕೆಂಡಿನದು, 25ರ ದರದಲ್ಲಿ ಚಿತ್ರದ ಒಂದು ಫ್ರೇಮ್ 40 ಮಿಲಿಸೆಕೆಂಡಿನದು. ತುಂಡಾದ ಕಡೆ ಎರಡರ ಅಂಚೂ ಒಂದೇ ಗೆರೆಗೆ ಬರುವುದಿಲ್ಲ. ಎಂಟಿಎಸ್ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್, ಅಂದರೆ ಸಣ್ಣ ಪೊಟ್ಟಣಗಳ ಸಾಲು, ಆದ್ದರಿಂದ ಲಿನಕ್ಸ್‌ನ ಕ್ಯಾಟ್ ಆದೇಶದಿಂದಲೇ ಒಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸಿ ಒಂದೇ ಫೈಲು ಮಾಡಿಕೊಳ್ಳಬಹುದು. ಒಂದೇ ಚಿತ್ರೀಕರಣದ ತುಂಡುಗಳಿಗೆ ಮಾತ್ರ ಇದು ಸರಿ. ಬೇರೆ ಬೇರೆ ಹೊತ್ತಿನ ಕ್ಲಿಪ್‌ಗಳನ್ನು ಹೀಗೆ ಜೋಡಿಸಿದರೆ ಸಮಯದ ಗುರುತು ಹಿಂದೆ ಮುಂದೆ ಜಿಗಿದು ಎಡಿಟರ್ ತಬ್ಬಿಬ್ಬಾಗುತ್ತದೆ.

ಮೂರನೆಯದು ಫೋನಿನ ವಿಡಿಯೊ. ಎಲ್ಲಕ್ಕಿಂತ ಹೊಸದು ಇದೇ, ಎಲ್ಲಕ್ಕಿಂತ ಹೆಚ್ಚು ಕಾಡುವುದೂ ಇದೇ. ಎಚ್.265 ಕೊಡೆಕ್, ಕೆಲವೊಮ್ಮೆ 10 ಬಿಟ್ ಎಚ್‌ಡಿಆರ್ (ಬೆಳಕು ನೆರಳಿನ ಹರವು ಹೆಚ್ಚಿರುವ ಚಿತ್ರ), ಅಡ್ಡವೋ ಉದ್ದವೋ ಎಂಬ ಗುರುತು ಚಿತ್ರದಲ್ಲಲ್ಲದೆ ಫೈಲಿನ ತಲೆಭಾಗದಲ್ಲಿ, ಎಲ್ಲಕ್ಕೂ ಮಿಗಿಲಾಗಿ ಬದಲಾಗುವ ಫ್ರೇಮ್ ದರ. ಬೆಳಕು ಕಡಿಮೆಯಾದಾಗ, ಫೋನು ಬಿಸಿಯಾದಾಗ ಅದು ಫ್ರೇಮ್‌ಗಳ ನಡುವಿನ ಅಂತರ ಹಿಗ್ಗಿಸುತ್ತದೆ. 30 ಅಂತ ಬರೆದಿದ್ದರೂ ಸರಾಸರಿ 29.7 ಇರಬಹುದು. ಹತ್ತು ನಿಮಿಷಕ್ಕೆ 18,000 ಫ್ರೇಮ್ ಇರಬೇಕಾದಲ್ಲಿ 17,820 ಇರುತ್ತವೆ. ಯಾವ ತಂತ್ರಾಂಶ ಸಮಯದ ಗುರುತು ಬಿಟ್ಟು ಫ್ರೇಮ್ ಎಣಿಸಿ 30ರಂತೆ ಓಡಿಸುತ್ತದೋ ಅದರಲ್ಲಿ ಚಿತ್ರ 594 ಸೆಕೆಂಡಿಗೇ ಮುಗಿದುಬಿಡುತ್ತದೆ, ದನಿ ಇನ್ನೂ ಆರು ಸೆಕೆಂಡು ಉಳಿದಿರುತ್ತದೆ. ಶುರುವಿನಲ್ಲಿ ಎಲ್ಲ ಸರಿ ಕಂಡು ಕೊನೆಯಲ್ಲಿ ತುಟಿಗೂ ಮಾತಿಗೂ ಹೊಂದದೆ ಹೋಗುವುದು ಹೀಗೆ. ಮೀಡಿಯಾಇನ್ಫೊದಲ್ಲಿ ಫ್ರೇಮ್ ರೇಟ್ ಮೋಡ್ ಎದುರು ವೇರಿಯಬಲ್ ಎಂದಿದ್ದರೆ ಎಚ್ಚರ. ಅದರ ಕೆಳಗೇ ಕನಿಷ್ಠ ದರ, ಗರಿಷ್ಠ ದರ ಇರುತ್ತವೆ.

ಇಷ್ಟು ತಿಳಿದ ಮೇಲೆ ಪರೀಕ್ಷೆಯ ತುಣುಕುಗಳನ್ನು ತೆಗೆದಿಟ್ಟೆ. ಡಿವಿಯಿಂದ ಮಗು ಉಯ್ಯಾಲೆ ಆಡುವ 40 ಸೆಕೆಂಡು, ಎಂಟಿಎಸ್‌ನಲ್ಲಿ ಎರಡು ತುಂಡು ಸೇರುವ ಜಾಗದ ಒಂದು ನಿಮಿಷ, ಫೋನಿನಿಂದ ಹತ್ತು ನಿಮಿಷದ ಒಂದೇ ಕ್ಲಿಪ್, ಅದರ ಮೊದಲಲ್ಲೂ ಕೊನೆಯಲ್ಲೂ ಒಂದೊಂದು ಚಪ್ಪಾಳೆ. ಫೋನಿನದನ್ನು ಚಿಕ್ಕದು ಮಾಡಬಾರದು, ದನಿ ಜಾರುವುದು ಒಂದು ನಿಮಿಷದಲ್ಲಿ ಕಣ್ಣಿಗೆ ಬೀಳುವುದಿಲ್ಲ. ತುಣುಕು ಕತ್ತರಿಸಲು ಲಾಸ್‌ಲೆಸ್‌ಕಟ್ ಬಳಸಿದೆ. ಅದು ಮರು ಎನ್‌ಕೋಡ್ ಮಾಡದೆ ಕೀಫ್ರೇಮ್ (ತನ್ನಷ್ಟಕ್ಕೆ ಪೂರ್ಣವಾದ ಫ್ರೇಮ್) ಇರುವಲ್ಲಿ ಕತ್ತರಿಸುವುದರಿಂದ ಫೈಲಿನ ಗುಣದೋಷಗಳೆಲ್ಲ ಹಾಗೇ ಉಳಿಯುತ್ತವೆ. ಬರೀ ಹಿಂದೆ ಮುಂದೆ ಟ್ರಿಮ್ ಮಾಡುವುದಷ್ಟೇ ಬೇಕಿದ್ದವರಿಗೆ ಲಾಸ್‌ಲೆಸ್‌ಕಟ್ಟೇ ಸಾಕು, ಪೂರ್ತಿ ಎಡಿಟರ್ ಯಾಕೆ?

ಅನುಸ್ಥಾಪನೆಯ ಹಂತದಲ್ಲೇ ಒಂದೆರಡು ತೊಡಕುಗಳಿವೆ. ಫೆಡೋರಾ, ಓಪನ್‌ಸೂಸೆಯಂಥ ಡಿಸ್ಟ್ರೋಗಳು (ಲಿನಕ್ಸ್‌ನ ಬೇರೆ ಬೇರೆ ರೂಪಗಳು) ಪೇಟೆಂಟ್ ಕಾರಣಕ್ಕೆ ಕೆಲವು ಕೊಡೆಕ್‌ಗಳನ್ನು ತಮ್ಮ ಮೂಲ ಭಂಡಾರದಲ್ಲಿ ಇಡುವುದಿಲ್ಲ; ಆರ್‌ಪಿಎಂ ಫ್ಯೂಷನ್, ಪ್ಯಾಕ್‌ಮನ್ ಭಂಡಾರಗಳನ್ನು ಸೇರಿಸಿಕೊಳ್ಳಬೇಕು. ಇಲ್ಲದಿದ್ದರೆ ಕ್ಲಿಪ್ ಎಳೆದು ಹಾಕಿದಾಗ ಚಿತ್ರವೇ ಬಾರದೆ ಎಡಿಟರನ್ನು ಬೈಯುವಂತಾಗುತ್ತದೆ. ದೀರ್ಘಾವಧಿ ಬೆಂಬಲದ ಡಿಸ್ಟ್ರೋಗಳಲ್ಲಿ ಎಡಿಟರ್ ಒಂದೆರಡು ವರ್ಷ ಹಳೆಯದಿರುತ್ತದೆ. ಎಡಿಟರ್ ಪೂರ್ತಿ ಒಂದೇ ಫೈಲಿನಲ್ಲಿ ಬರುವ ಆ್ಯಪ್‌ಇಮೇಜ್ ಇಳಿಸಿ, ಚಲಾಯಿಸುವ ಅನುಮತಿ ಕೊಟ್ಟು ಓಡಿಸಿದರೆ ಎರಡೂ ತೊಡಕು ತಪ್ಪುತ್ತವೆ, ಹಳೆಯ ಆವೃತ್ತಿಯನ್ನೂ ಪಕ್ಕದಲ್ಲೇ ಇಟ್ಟುಕೊಳ್ಳಬಹುದು. ಯಾವ ಡಿಸ್ಟ್ರೋದಲ್ಲೂ ಹಾಕಿಕೊಳ್ಳಬಹುದಾದ ಫ್ಲಾಟ್‌ಪ್ಯಾಕ್ ಕೂಡ ಚೆನ್ನಾಗಿದೆ. ಆದರೆ ಹೊರಗಿನ ಡಿಸ್ಕ್ ಅದಕ್ಕೆ ಕಾಣದಿದ್ದರೆ ಅದರ ಅನುಮತಿಗಳನ್ನು ನೋಡಿಕೊಳ್ಳುವ ಫ್ಲಾಟ್‌ಸೀಲ್ ತೆರೆದು ಆ ಫೋಲ್ಡರಿಗೆ ಅನುಮತಿ ಕೊಡಬೇಕು.

ಈಗ ಎಡಿಟರ್‌ಗಳು.

ಡಾವಿಂಚಿ ರಿಸಾಲ್ವ್ ಬಣ್ಣದ ಕೆಲಸದಲ್ಲಿ ಉಳಿದೆಲ್ಲಕ್ಕಿಂತ ಬಹಳ ಮುಂದಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಉಚಿತ ಆವೃತ್ತಿ ಲಿನಕ್ಸ್‌ನಲ್ಲಿ ಎಚ್.264, ಎಚ್.265 ಓದುವುದಿಲ್ಲ. ಮನೆಯ ವಿಡಿಯೊ ಅಂದರೆ ಬಹುಪಾಲು ಇವೆರಡೇ. ಎಲ್ಲವನ್ನೂ ಎಡಿಟಿಂಗ್‌ಗೆಂದೇ ಇರುವ ಡಿಎನ್‌ಎಕ್ಸ್‌ಎಚ್‌ಆರ್ ಕೊಡೆಕ್‌ಗೆ, ದನಿಯನ್ನು ಕುಗ್ಗಿಸದ ಪಿಸಿಎಂಗೆ ಬದಲಿಸಿ ಎಂಒವಿ ಡಬ್ಬಿಯಲ್ಲಿ ಇಟ್ಟರೆ ಓಡುತ್ತದೆ. ಲೆಕ್ಕ ಹಾಕಿ ನೋಡಿ: 1080, 25 ಫ್ರೇಮಿಗೆ ಸೆಕೆಂಡಿಗೆ ಸುಮಾರು 120 ಮೆಗಾಬಿಟ್ ಅಂದರೆ ಗಂಟೆಗೆ 54 ಜಿಬಿ. ಜೊತೆಗೆ ತಕ್ಕ ಗ್ರಾಫಿಕ್ಸ್ ಕಾರ್ಡು, ಅದರ ಸರಿಯಾದ ಡ್ರೈವರು ಇಲ್ಲದಿದ್ದರೆ ಅದು ಶುರುವೇ ಆಗದು. ಐದು ನಿಮಿಷದ ಕಿರುಚಿತ್ರಕ್ಕೆ ಈ ಶ್ರಮ ಸಾರ್ಥಕ. ವರ್ಷಗಳ ರಾಶಿಗೆ ಅಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ಓಪನ್‌ಶಾಟ್ ಕೈಗೆ ಸುಲಭ, ಮಕ್ಕಳೂ ಕಲಿಯಬಹುದು. ಫೋಟೊ ಸ್ಲೈಡ್‌ಶೋಗೆ ಒಳ್ಳೆಯದು. ನನ್ನ ತುಣುಕುಗಳನ್ನು ಹಾಕಿದಾಗ ಎಚ್.265 ಕ್ಲಿಪ್ ಎಳೆದಾಡುವಾಗ ತಡವರಿಸಿತು. ಬ್ಲೆಂಡರ್ ಸೀಕ್ವೆನ್ಸರ್ ಈಗಾಗಲೇ ಬ್ಲೆಂಡರ್ ಬಲ್ಲವರಿಗೆ. ಫ್ಲೋಬ್ಲೇಡ್ ಚೊಕ್ಕಟವಾದ ಎಡಿಟರ್, ಆದರೆ ಅದರ ಕತ್ತರಿಸುವ ಕ್ರಮಕ್ಕೆ ಒಗ್ಗಿಕೊಳ್ಳಬೇಕು.

ಕೊನೆಗೆ ಉಳಿದದ್ದು ಕೆಡೆನ್‌ಲೈವ್ ಮತ್ತು ಶಾಟ್‌ಕಟ್. ಎರಡರ ಹೊಟ್ಟೆಯಲ್ಲೂ ಇರುವುದು ಎಂಎಲ್‌ಟಿ ಎಂಬ ಒಂದೇ ಎಂಜಿನ್, ಅದರ ಕೆಳಗೆ ಎಫ್‌ಎಫ್‌ಎಂಪೆಗ್. ಹಾಗಾಗಿ ಚಿತ್ರದ ಗುಣಮಟ್ಟದಲ್ಲಿ ವ್ಯತ್ಯಾಸ ಹುಡುಕುವುದು ವ್ಯರ್ಥ. ವ್ಯತ್ಯಾಸ ಇರುವುದು ಕೆಲಸ ಮಾಡುವ ರೀತಿಯಲ್ಲಿ.

ಶಾಟ್‌ಕಟ್‌ನಲ್ಲಿ ಕ್ಲಿಪ್ ತೆರೆದು ಎ ಒತ್ತಿದರೆ ಟೈಮ್‌ಲೈನಿನ ಕೊನೆಗೆ ಸೇರುತ್ತದೆ, ಎಸ್ ಒತ್ತಿದರೆ ಗೆರೆ ಇದ್ದಲ್ಲಿ ತುಂಡಾಗುತ್ತದೆ, ಎಕ್ಸ್ ಒತ್ತಿದರೆ ತುಂಡು ಹೋಗಿ ಉಳಿದದ್ದು ಮುಂದೆ ಸರಿದು ಕೂರುತ್ತದೆ. ಮೂರು ಕೀಲಿ ಕಲಿತರೆ ಅರ್ಧ ಕೆಲಸ ಮುಗಿಯಿತು. ಒಂದು ಕ್ಲಿಪ್ಪನ್ನು ಇನ್ನೊಂದರ ಮೇಲೆ ಸ್ವಲ್ಪ ಎಳೆದರೆ ಕ್ರಾಸ್‌ಫೇಡ್ ತಾನೇ ಆಗುತ್ತದೆ. ಬದಲಾಗುವ ಫ್ರೇಮ್ ದರದ ಫೈಲು ಕೊಟ್ಟಾಗ ಎಡಿಟ್‌ಗೆ ಒಗ್ಗುವಂತೆ ಬದಲಿಸಲೇ ಎಂದು ತಾನೇ ಕೇಳುತ್ತದೆ, ಗುಣಮಟ್ಟ ಮತ್ತು ಗಾತ್ರದ ಮೂರು ಹಂತ ಮುಂದಿಡುತ್ತದೆ. ಒಂದು ಸಮಾರಂಭ, ಒಂದು ಪ್ರವಾಸ, ಇಪ್ಪತ್ತು ಮೂವತ್ತು ಕ್ಲಿಪ್ ಇದ್ದರೆ ಇದನ್ನೇ ತೆಗೆದುಕೊಳ್ಳಿ.

ಕೆಡೆನ್‌ಲೈವ್ ಆರಿಸಿದ್ದು ರಾಶಿ ದೊಡ್ಡದಾಗಿದ್ದರಿಂದ. ಅದರ ಬಿನ್‌ನಲ್ಲಿ (ಕ್ಲಿಪ್‌ಗಳನ್ನೆಲ್ಲ ಇಟ್ಟುಕೊಳ್ಳುವ ಫಲಕ) ಫೋಲ್ಡರ್ ಮಾಡಬಹುದು, ಕ್ಲಿಪ್ಪಿಗೆ ನಕ್ಷತ್ರ, ಬಣ್ಣದ ಟ್ಯಾಗ್ ಹಚ್ಚಬಹುದು, ಒಳಗೆ ಗುರುತುಗಳನ್ನು ನೆಡಬಹುದು. ಮುನ್ನೂರು ಕ್ಲಿಪ್‌ನಲ್ಲಿ ಮಗು ನಕ್ಕ ಆ ಎರಡು ಸೆಕೆಂಡು ಎಲ್ಲಿದೆ ಅಂತ ಹುಡುಕುವವರಿಗೆ ಇದರ ಬೆಲೆ ಗೊತ್ತು. ಇದರಲ್ಲೂ ಫೋನಿನ ಕ್ಲಿಪ್ ಹಾಕಿದಾಗ ಬದಲಿಸುವ ಸೂಚನೆ ಬರುತ್ತದೆ. ಬದಲಿಸಿದ ಮೇಲೆ ಎರಡೂ ಎಡಿಟರ್‌ನಲ್ಲಿ ಹತ್ತನೇ ನಿಮಿಷದ ಚಪ್ಪಾಳೆ ಕೈ ತಾಗಿದ ಫ್ರೇಮಿನಲ್ಲೇ ಕೇಳಿಸಿತು.

ಆ ಸೂಚನೆಗೆ ಕಾಯದೆ ಫೋನಿನ ಫೈಲುಗಳನ್ನೆಲ್ಲ ಮೊದಲೇ ಒಟ್ಟಿಗೆ ಬದಲಿಸಿಕೊಳ್ಳುವುದು ಇನ್ನೂ ಮೇಲು. ಎಫ್‌ಎಫ್‌ಎಂಪೆಗ್‌ನಲ್ಲಿ ಸ್ಥಿರ ಫ್ರೇಮ್ ದರ, ಎಚ್.264 ತಯಾರಿಸುವ ಎಕ್ಸ್264 ಎನ್‌ಕೋಡರ್, ಸಿಆರ್‌ಎಫ್ 16 (ಗುಣಮಟ್ಟದ ಅಂಕ, ಕಡಿಮೆಯಾದಷ್ಟೂ ಚಿತ್ರ ಚೆನ್ನ), ಹತ್ತು ಹದಿನೈದು ಫ್ರೇಮಿಗೊಂದು ಕೀಫ್ರೇಮ್, ದನಿ 48,000 ಹರ್ಟ್ಸ್ ಪಿಸಿಎಂ, ಡಬ್ಬಿ ಎಂಕೆವಿ. ಕೀಫ್ರೇಮ್ ಹತ್ತಿರ ಹತ್ತಿರ ಇದ್ದಷ್ಟೂ ಟೈಮ್‌ಲೈನಿನಲ್ಲಿ ಎಳೆದಾಡುವುದು ಹಗುರ. ದೂರ ದೂರ ಇದ್ದರೆ ಒಂದು ಫ್ರೇಮ್ ತೋರಿಸಲು ಎಡಿಟರ್ ಹಿಂದಿನ ಕೀಫ್ರೇಮಿಗೆ ಹೋಗಿ ಅಲ್ಲಿಂದ ಎಲ್ಲವನ್ನೂ ಬಿಡಿಸಿಕೊಂಡು ಬರಬೇಕು. ಎಚ್‌ಡಿಆರ್ ಇದ್ದರೆ ಇದೇ ಹಂತದಲ್ಲಿ ಟೋನ್ ಮ್ಯಾಪಿಂಗ್ ಮಾಡಿ ಸಾಮಾನ್ಯ ಬಣ್ಣಕ್ಕೆ ಇಳಿಸಬೇಕು. ಬಿಟ್ಟರೆ ಮುಖಗಳೆಲ್ಲ ಬೂದಿ ಬಳಿದಂತೆ ಮಂಕಾಗಿ ಕಾಣುತ್ತವೆ.

ಇಂಟರ್‌ಲೇಸ್ ವಿಷಯದಲ್ಲಿ ಹೆಚ್ಚು ಹೊತ್ತು ಕಳೆದೆ, ಯಾಕೆಂದರೆ ಇಲ್ಲಿ ಆದ ತಪ್ಪು ಕೊನೆಯ ಫೈಲಿನಲ್ಲಿ ಶಾಶ್ವತವಾಗಿ ಕೂರುತ್ತದೆ. ಉಯ್ಯಾಲೆಯ ತುಣುಕನ್ನು ನಿಲ್ಲಿಸಿ ದೊಡ್ಡದು ಮಾಡಿ ನೋಡಿದರೆ ಮಗುವಿನ ಕಾಲಿನ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಒಂದೇ ಫ್ರೇಮಿನಲ್ಲಿ ಬೆಸ ಸಾಲುಗಳು ಒಂದು ಕ್ಷಣದವು, ಸಮ ಸಾಲುಗಳು ಸೆಕೆಂಡಿನ ಐವತ್ತನೇ ಒಂದು ಭಾಗ ಆಚೀಚಿನವು. ಅಷ್ಟರಲ್ಲಿ ಕಾಲು ಮುಂದೆ ಹೋಗಿರುತ್ತದೆ. ಇದನ್ನು 25 ಫ್ರೇಮಿನ ಸಾದಾ ಪ್ರಾಜೆಕ್ಟಿಗೆ ಹಾಕಿದರೆ ಎಡಿಟರ್ ಹಲ್ಲುಗಳನ್ನು ತೆಗೆಯುತ್ತದೆ, ಆದರೆ ಚಲನೆಯ ಅರ್ಧವನ್ನೂ ಎಸೆಯುತ್ತದೆ. ಟಿವಿಯಲ್ಲಿ ನೋಡಿದಾಗ ಮೊದಲಿದ್ದ ನುಣುಪು ಹೋಗಿರುತ್ತದೆ. ಉಳಿಸಿಕೊಳ್ಳಬೇಕೆಂದರೆ ಎಡಿಟ್‌ಗೆ ಮೊದಲೇ ಎಫ್‌ಎಫ್‌ಎಂಪೆಗ್‌ನ ಇಂಟರ್‌ಲೇಸ್ ಬಿಡಿಸುವ ಬಿಡಬ್ಲ್ಯುಡಿಐಎಫ್ ಫಿಲ್ಟರನ್ನು ಪ್ರತಿ ಫೀಲ್ಡಿಗೂ ಒಂದು ಫ್ರೇಮ್ ಕೊಡುವ ರೀತಿಯಲ್ಲಿ ಓಡಿಸಿ 50 ಫ್ರೇಮಿನ ಫೈಲು ಮಾಡಿಕೊಂಡು, ಪ್ರಾಜೆಕ್ಟನ್ನೂ 50ಕ್ಕೆ ಇಡಬೇಕು. 29.97ರ ಕ್ಯಾಮೆರಾ ಆದರೆ 59.94.

ಫೀಲ್ಡ್ ಕ್ರಮ ತಿರುಗುಮುರುಗಾದರೆ ಇನ್ನೊಂದು ಬಗೆಯ ತೊಂದರೆ. ನಿಲ್ಲಿಸಿದ ಚಿತ್ರದಲ್ಲಿ ಏನೂ ಗೊತ್ತಾಗದು, ಓಡಿಸಿದರೆ ಮಾತ್ರ ಚಲಿಸುವ ವಸ್ತು ಒಂದು ಹೆಜ್ಜೆ ಮುಂದೆ ಅರ್ಧ ಹೆಜ್ಜೆ ಹಿಂದೆ ಎಂಬಂತೆ ನಡುಗುತ್ತದೆ. ಡಿವಿಗೆ ಕೆಳಗಿನ ಫೀಲ್ಡ್, ಎವಿಸಿಎಚ್‌ಡಿಗೆ ಮೇಲಿನ ಫೀಲ್ಡ್ ಎಂಬುದನ್ನು ನೆನಪಿಟ್ಟು ಶಾಟ್‌ಕಟ್‌ನಲ್ಲಾದರೆ ಕ್ಲಿಪ್ಪಿನ ಪ್ರಾಪರ್ಟೀಸ್ ಫಲಕದಲ್ಲಿ, ಕೆಡೆನ್‌ಲೈವ್‌ನಲ್ಲಾದರೆ ಕ್ಲಿಪ್ ಪ್ರಾಪರ್ಟೀಸ್‌ನ ಒತ್ತಾಯದ (ಫೋರ್ಸ್) ಆಯ್ಕೆಗಳಲ್ಲಿ ಸರಿಪಡಿಸಬಹುದು. ಜನ ಕುಳ್ಳಗೆ ದಪ್ಪಗೆ ಅಥವಾ ತೆಳ್ಳಗೆ ಕಂಡರೆ ಪಿಕ್ಸೆಲ್ ಅನುಪಾತ ತಪ್ಪಿದೆ ಎಂದರ್ಥ, ಅದನ್ನೂ ಅಲ್ಲೇ ತಿದ್ದುವುದು.

ಪ್ರಾಜೆಕ್ಟಿನ ಫ್ರೇಮ್ ದರವನ್ನು ಮೊದಲೇ ನಿರ್ಧರಿಸಿ. ಮಧ್ಯದಲ್ಲಿ ಬದಲಿಸಿದರೆ ಪ್ರತಿ ಕತ್ತರಿಯ ಜಾಗವೂ ಒಂದಿಷ್ಟು ಆಚೀಚೆ ಸರಿಯುತ್ತದೆ. ಮೊದಲು ಹಾಕಿದ ಕ್ಲಿಪ್ ನೋಡಿ ಕೆಡೆನ್‌ಲೈವ್ ಪ್ರಾಜೆಕ್ಟಿನ ಪ್ರೊಫೈಲ್ (ಗಾತ್ರ, ಫ್ರೇಮ್ ದರ) ಬದಲಿಸಲೇ ಎಂದು ಕೇಳುತ್ತದೆ. ಶಾಟ್‌ಕಟ್‌ನ ಸ್ವಯಂಚಾಲಿತ ಮೋಡ್ ಕೇಳದೆಯೇ ಮೊದಲ ಕ್ಲಿಪ್ಪಿನದನ್ನು ತೆಗೆದುಕೊಳ್ಳುತ್ತದೆ. ಆ ಮೊದಲ ಕ್ಲಿಪ್ ಫೋನಿನ ಉದ್ದುದ್ದ ಚಿತ್ರವಾಗಿದ್ದರೆ ಇಡೀ ಪ್ರಾಜೆಕ್ಟ್ ಉದ್ದುದ್ದ ನಿಲ್ಲುತ್ತದೆ. ಯಾವ ದರದ ವಿಡಿಯೊ ಹೆಚ್ಚಿದೆಯೋ ಅದನ್ನೇ ಇಡುವುದು ಸರಿ. 30ರ ಕ್ಲಿಪ್ 25ಕ್ಕೆ ಬಂದರೆ ಆರರಲ್ಲಿ ಒಂದು ಫ್ರೇಮ್ ಹೋಗುತ್ತದೆ. ಕ್ಯಾಮೆರಾ ಅಡ್ಡಡ್ಡ ತಿರುಗಿಸಿದ ದೃಶ್ಯಗಳಲ್ಲಿ ಅದು ಎಡವಿದಂತೆ ಕಾಣುತ್ತದೆ, ಕುಳಿತು ಮಾತಾಡುವ ದೃಶ್ಯದಲ್ಲಿ ಯಾರಿಗೂ ತಿಳಿಯುವುದಿಲ್ಲ.

ಕಂಪ್ಯೂಟರ್ ಸಾಧಾರಣದ್ದಾದರೆ ಪ್ರಾಕ್ಸಿ ಹಾಕಿಕೊಳ್ಳಿ. ದೊಡ್ಡ ಕ್ಲಿಪ್ಪಿಗೆ ಒಂದು ಚಿಕ್ಕ ನಕಲು ತಯಾರಾಗಿ ಎಡಿಟ್ ಅದರ ಮೇಲೆ ನಡೆಯುತ್ತದೆ, ಕೊನೆಯ ರೆಂಡರ್ (ಪೂರ್ತಿ ಚಿತ್ರವನ್ನು ಒಂದು ಫೈಲಾಗಿ ಬರೆಯುವುದು) ಮೂಲದಿಂದ ಆಗುತ್ತದೆ. ಕೆಡೆನ್‌ಲೈವ್‌ನ ರೆಂಡರ್ ಕಿಟಕಿಯಲ್ಲಿ ಪ್ರಾಕ್ಸಿಯಿಂದಲೇ ರೆಂಡರ್ ಮಾಡುವ ಒಂದು ಆಯ್ಕೆಯೂ ಇದೆ. ಅದು ಆನ್ ಆಗಿ ಉಳಿದರೆ ಗಂಟೆಗಟ್ಟಲೆ ಕಾದ ಮೇಲೆ ಮಸುಕು ಚಿತ್ರ ಕೈಗೆ ಬರುತ್ತದೆ, ಒತ್ತುವ ಮೊದಲು ಒಮ್ಮೆ ನೋಡಿ. ಪ್ರಾಕ್ಸಿಗಳು ಹೋಮ್ ಫೋಲ್ಡರಿನ ಕ್ಯಾಶ್ ಒಳಗೆ ತುಂಬಿಕೊಳ್ಳುತ್ತವೆ. ಆ ವಿಭಾಗ ಚಿಕ್ಕದಿದ್ದರೆ ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಬೇರೆ ಡಿಸ್ಕಿನ ಫೋಲ್ಡರ್ ಕೊಡಿ. ಜಾಗ ತುಂಬಿದ ಡಿಸ್ಕಿನಲ್ಲಿ ಪ್ರಾಜೆಕ್ಟ್ ಉಳಿಸಲು ಹೋದರೆ ಆ ದಿನದ ಕೆಲಸ ಹೋದಂತೆ. ಜಿಪಿಯು (ಗ್ರಾಫಿಕ್ಸ್ ಕಾರ್ಡು) ಎಫೆಕ್ಟ್ ಎಂಬ ಪ್ರಾಯೋಗಿಕ ಆಯ್ಕೆ ಕಂಡರೆ ಅದನ್ನು ಮುಟ್ಟದಿರುವುದೇ ಕ್ಷೇಮ.

ಮನೆಯ ವಿಡಿಯೊದಲ್ಲಿ ಚಿತ್ರಕ್ಕಿಂತ ದನಿಗೆ ಹೆಚ್ಚು ಆರೈಕೆ ಬೇಕು. ಅಜ್ಜಿಯ ಮಾತು ಕೇಳದಿದ್ದರೆ ಬಣ್ಣ ಎಷ್ಟು ಚೆನ್ನಾಗಿದ್ದೇನು? ಗಾಳಿಯ ಗುಂಯ್‌ಗುಡುವಿಕೆಗೆ 80ರಿಂದ 100 ಹರ್ಟ್ಸ್‌ಗೆ ಹೈಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಸದ್ದನ್ನು ತಡೆಯುವುದು), ಆಮೇಲೆ ಕ್ಲಿಪ್ ಕ್ಲಿಪ್ಪಿಗೂ ನಾರ್ಮಲೈಜ್ (ದನಿಯ ಮಟ್ಟ ಸಮ ಮಾಡುವುದು), ಈ ಕ್ರಮದಲ್ಲೇ. ಮೊದಲು ನಾರ್ಮಲೈಜ್ ಮಾಡಿದರೆ ಅದು ಗಾಳಿಯ ಸದ್ದನ್ನೂ ಅಳತೆಗೆ ತೆಗೆದುಕೊಂಡು ಮಾತನ್ನು ಕೆಳಗೇ ಬಿಡುತ್ತದೆ. ಮಾತಿನ ಕೆಳಗೆ ಹಾಡು ಹಾಕುವುದಾದರೆ ಅದನ್ನು ಕೀಫ್ರೇಮ್‌ನಿಂದ (ಇಲ್ಲಿ ದನಿಯ ಮಟ್ಟ ಎಲ್ಲಿ ಬದಲಾಗಬೇಕೆಂದು ಹಾಕುವ ಗುರುತು) 18ರಿಂದ 20 ಡೆಸಿಬೆಲ್ ಇಳಿಸಿ. ಕೈ ನಡುಕಕ್ಕೆ ಎರಡರಲ್ಲೂ ಸ್ಟೆಬಿಲೈಜ್ ಇದೆ. ಅದು ಮೊದಲು ಕ್ಲಿಪ್ಪನ್ನು ಪೂರ್ತಿ ಓದಿ ಲೆಕ್ಕ ಹಾಕುತ್ತದೆ, ಆಮೇಲೆ ಅಂಚು ಕತ್ತರಿಸಿ ಚಿತ್ರ ಹಿಗ್ಗಿಸುತ್ತದೆ. ಅಂಚಿನಲ್ಲಿ ನಿಂತವರ ತಲೆ ಹೋಗುವಷ್ಟು ಹಿಗ್ಗಿಸಬೇಡಿ.

ಕೊನೆಯ ಫೈಲಿಗೆ ಎಚ್.264, ಸಿಆರ್‌ಎಫ್ 20, ಪ್ರಿಸೆಟ್ ಸ್ಲೋ, 4:2:0 ಬಣ್ಣ, 8 ಬಿಟ್, ದನಿ ಎಎಸಿ 192 ಕಿಲೊಬಿಟ್. ಈಗಿನ ಟಿವಿ, ಫೋನುಗಳಲ್ಲಿ ಇದು ತಕರಾರಿಲ್ಲದೆ ಓಡುತ್ತದೆ. ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರ್ ಬಹಳ ವೇಗದ್ದು, ಆದರೆ ಅದೇ ಗುಣಮಟ್ಟಕ್ಕೆ ದೊಡ್ಡ ಫೈಲು ಬೇಡುತ್ತದೆ. ಕರಡು ನೋಡಲು ಅದು, ಇಟ್ಟುಕೊಳ್ಳುವುದಕ್ಕೆ ಎಕ್ಸ್264. ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ಫೈಲು ಅದರೊಳಗೆ ಹೋಗುವುದೇ ಇಲ್ಲ; ಟಿವಿ ಎಕ್ಸ್‌ಫ್ಯಾಟ್ ಓದುತ್ತದೋ ನೋಡಿಕೊಳ್ಳಿ, ಇಲ್ಲವಾದರೆ ಚಿತ್ರವನ್ನು ಎರಡು ಭಾಗ ಮಾಡಿ. ಇಡೀ ಚಿತ್ರ ರೆಂಡರ್ ಮಾಡುವ ಮೊದಲು ಎರಡು ನಿಮಿಷ ಮಾತ್ರ ಮಾಡಿ ಟಿವಿಯಲ್ಲಿ ಓಡಿಸಿ ನೋಡುವುದನ್ನು ಬಿಡಬೇಡಿ. ಫೀಲ್ಡ್ ಕ್ರಮದ ತಪ್ಪು, ದನಿ ಹೆಚ್ಚುಕಡಿಮೆ, ಅಂಚಿನ ಕಪ್ಪು ಪಟ್ಟಿ ಎಲ್ಲ ಅಲ್ಲಿ ಕಣ್ಣಿಗೆ ಹೊಡೆಯುತ್ತವೆ.

ಮುಗಿದ ಮೇಲೆ ಕೆಡೆನ್‌ಲೈವ್‌ನ ಆರ್ಕೈವ್ ಪ್ರಾಜೆಕ್ಟ್ ಆಯ್ಕೆ ಬಳಸಿದರೆ ಬಳಸಿದ ಕ್ಲಿಪ್‌ಗಳೆಲ್ಲ ಒಂದೇ ಕಡೆ ಸೇರುತ್ತವೆ. 23.04 ಆವೃತ್ತಿಯಲ್ಲಿ ಒಂದೇ ಪ್ರಾಜೆಕ್ಟಿನಲ್ಲಿ ಹಲವು ಟೈಮ್‌ಲೈನ್ ಇಡುವ ಸೌಲಭ್ಯ ಬಂದಾಗ ಪ್ರಾಜೆಕ್ಟ್ ಫೈಲಿನ ರಚನೆಯೇ ಬದಲಾಯಿತು. ಅದರಲ್ಲಿ ಉಳಿಸಿದ್ದು ಹಿಂದಿನ ಆವೃತ್ತಿಯಲ್ಲಿ ತೆರೆಯುವುದಿಲ್ಲ. ಹಾಗಾಗಿ ಆ ಚಿತ್ರಕ್ಕೆ ಬಳಸಿದ ಆ್ಯಪ್‌ಇಮೇಜ್ ಫೈಲನ್ನೂ ಅದೇ ಫೋಲ್ಡರಿನಲ್ಲಿ ಇಡುತ್ತೇನೆ. ಡಿಸ್ಕ್ ಬದಲಾಗಿ ಕ್ಲಿಪ್‌ಗಳು ಸಿಗುತ್ತಿಲ್ಲ ಎಂದು ಎಡಿಟರ್ ಹೇಳಿದರೆ ಗಾಬರಿ ಬೇಡ. ಹೊಸ ಫೋಲ್ಡರ್ ತೋರಿಸಿದರೆ ಅದೇ ಹುಡುಕಿಕೊಳ್ಳುತ್ತದೆ. ಹುಡುಕದಿದ್ದರೆ, ಎರಡೂ ಎಡಿಟರ್‌ಗಳ ಪ್ರಾಜೆಕ್ಟ್ ಫೈಲು ಸಾದಾ ಎಕ್ಸ್‌ಎಂಎಲ್: ಒಂದು ನಕಲು ತೆಗೆದಿಟ್ಟು, ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು, ಹಳೆಯ ಡಿಸ್ಕಿನ ದಾರಿ ಇದ್ದಲ್ಲೆಲ್ಲ ಹೊಸದನ್ನು ಬರೆದು ಉಳಿಸಿ, ಮತ್ತೆ ತೆರೆಯಿರಿ.